ತಕ್ಕಡಿಗೇರಿದ ಸೈಕಲ್ಲು

ಡಚ್ ಲೇಖಕ ಟಿಮ್ ಕ್ರಾಬೆ 1978ರಲ್ಲಿ ಪ್ರಕಟಿಸಿದ ‘ದ ರೆನ್ನರ್’ ಒಂದೇ ಒಂದು ಸೈಕಲ್ ಪಂದ್ಯದ ಕಥನ. ಆ ಕಿರುಕಾದಂಬರಿಯಲ್ಲಿ ಒಂದು ಉಪಕಥೆ ಬರುತ್ತದೆ. ಟೂರ್ ದ ಫ್ರಾನ್ಸ್ ಪಂದ್ಯವನ್ನು ಐದು ಬಾರಿ ಗೆದ್ದ ಜಾಕ್ ಆಂಕೆತಿಲ್, ಬೆಟ್ಟದ ಏರು ಎದುರಾದಾಗಲೆಲ್ಲ ಸೈಕಲ್ಲಿನ ಚೌಕಟ್ಟಿಗೆ ಸಿಕ್ಕಿಸಿದ್ದ ನೀರಿನ ಬಾಟಲಿಯನ್ನು ಕಿತ್ತು ತಮ್ಮ ಅಂಗಿಯ ಬೆನ್ನಿನ ಜೇಬಿಗೆ ಇಳಿಬಿಡುತ್ತಿದ್ದರಂತೆ. ಅವರ ತಂಡದ ಡಚ್ ಸವಾರ ಆಬ್ ಗೆಲ್ಡರ್‌ಮನ್ಸ್ ಇದನ್ನು ವರ್ಷಗಟ್ಟಲೆ ನೋಡಿ, ಕೊನೆಗೆ ತಾಳಲಾರದೆ ಕಾರಣ ಕೇಳಿದರು. ಆಂಕೆತಿಲ್ ಕೊಟ್ಟ ಉತ್ತರದ ಸಾರ ಇಷ್ಟು: ಸವಾರನಲ್ಲಿ ಎರಡು ಭಾಗಗಳಿವೆ, ಮನುಷ್ಯ ಮತ್ತು ಸೈಕಲ್ಲು, ಏರಿನಲ್ಲಿ ಸೈಕಲ್ಲು ಹಗುರವಾಗಿರಬೇಕು, ಆದ್ದರಿಂದ ಬಾಟಲಿ ಅದರ ಮೇಲೆ ಇರಕೂಡದು.

ಕ್ರಾಬೆ ಅಲ್ಲಿಗೆ ಬಿಡುವುದಿಲ್ಲ. ಏರಿನಲ್ಲಿ ಹೋಗುತ್ತಿರುವ ಆಂಕೆತಿಲ್‌ರ ಛಾಯಾಚಿತ್ರಗಳಲ್ಲಿ ಬಾಟಲಿ ಚೌಕಟ್ಟಿನ ಮೇಲೆಯೇ ಇರುವುದನ್ನು ಅವರು ಗಮನಿಸುತ್ತಾರೆ. ಗಮನಿಸಿಯೂ ತೀರ್ಪನ್ನು ಕಥೆಯ ಪರವಾಗಿ ಕೊಡುತ್ತಾರೆ: ಕಥೆ ಸವಾರನ ಒಳಗನ್ನು ಮುಟ್ಟುತ್ತದೆ, ಹಾಗಾಗಿ ಅದು ನಿಜ, ತಪ್ಪಿರುವುದು ಚಿತ್ರಗಳು. ಶಾಸನವೂ ಐತಿಹ್ಯವೂ ಒಂದನ್ನೊಂದು ಅಲ್ಲಗಳೆದಾಗ ಶಾಸನದ ಪಕ್ಷ ವಹಿಸುವುದು ಸಂಶೋಧಕರ ರೂಢಿ. ಆ ರೂಢಿಯಲ್ಲಿ ಬೆಳೆದವರಿಗೆ ಕ್ರಾಬೆಯ ತೀರ್ಪು ತುಂಟತನವೆನಿಸಬಹುದು. ಆದರೆ ಸೈಕಲ್ಲನ್ನು ಹಗುರಗೊಳಿಸುವ ಗೀಳಿನ ಚರಿತ್ರೆಯನ್ನು ಬಿಡಿಸುತ್ತ ಹೋದರೆ, ಈ ಬಾಟಲಿಯ ಪ್ರಸಂಗ ಬರಿಯ ತಮಾಷೆಯಲ್ಲ ಎಂಬುದು ಕಾಣುತ್ತದೆ.

ಮೊದಲು ಲೆಕ್ಕ. ಬಾಟಲಿ ಜೇಬಿಗೆ ಹೋದಾಗ ಸೈಕಲ್ಲು ಎಷ್ಟು ಹಗುರವಾಯಿತೋ ಸವಾರ ಅಷ್ಟೇ ಭಾರವಾದ. ಬೆಟ್ಟಕ್ಕೆ ಎರಡೂ ಒಂದೇ. ಏರಿನಲ್ಲಿ ಎತ್ತಬೇಕಾದದ್ದು ಮನುಷ್ಯ, ಸೈಕಲ್ಲು, ನೀರು, ಬಟ್ಟೆ ಎಲ್ಲ ಸೇರಿದ ಒಟ್ಟು ಭಾರವನ್ನು. ಇದನ್ನು ಕನ್ನಡನಾಡಿನ ಒಂದು ಬೆಟ್ಟದ ಮೇಲೆಯೇ ಇಟ್ಟು ನೋಡಬಹುದು. ಬೆಂಗಳೂರಿನ ಸೈಕಲ್ ಹವ್ಯಾಸಿಗಳು ರಜೆಯ ದಿನ ನಸುಕಿನಲ್ಲೇ ಎದ್ದು ಹೋಗುವ ನಂದಿಬೆಟ್ಟದ ಎತ್ತರ ಸಮುದ್ರಮಟ್ಟದಿಂದ 1,478 ಮೀಟರ್. ಒಟ್ಟು 85 ಕಿಲೋ ತೂಗುವ ಸವಾರ ಮತ್ತು ಸೈಕಲ್ಲು ಆ ತಿರುವುಗಳನ್ನು ಅರ್ಧ ಗಂಟೆಯಲ್ಲಿ ಹತ್ತುತ್ತಾರೆ ಎಂದಿಟ್ಟುಕೊಂಡರೆ, 100 ಗ್ರಾಂ ಎಂದರೆ ಒಟ್ಟು ಭಾರದ 850ರಲ್ಲಿ ಒಂದು ಪಾಲು. ಅರ್ಧ ಗಂಟೆಯ 1,800 ಸೆಕೆಂಡುಗಳಲ್ಲಿ ಅದರಿಂದ ಉಳಿಯುವುದು ಹೆಚ್ಚೆಂದರೆ ಎರಡು ಸೆಕೆಂಡು. ಸಮತಟ್ಟಿನ ರಸ್ತೆಯಲ್ಲಿ ಅದೂ ಇಲ್ಲ. ಅಲ್ಲಿ ಸವಾರನ ಶಕ್ತಿಯ ಬಹುಪಾಲನ್ನು ನುಂಗುವುದು ಗಾಳಿಯ ಎದುರುನೂಕು. ಒಮ್ಮೆ ವೇಗ ಹಿಡಿದ ಮೇಲೆ ತೂಕದ ಮಾತು ಬಹುತೇಕ ಮುಗಿಯಿತು.

ಹಾಗಾದರೆ ಗ್ರಾಮುಗಳ ಹಿಂದೆ ಬಿದ್ದವರೆಲ್ಲ ಲೆಕ್ಕ ಬಾರದವರೇ? ಹಾಗೆನ್ನುವಂತಿಲ್ಲ, ಏಕೆಂದರೆ ಈ ದಾರಿಯಲ್ಲಿ ನಡೆದವರಲ್ಲಿ ಎಡ್ಡಿ ಮೆರ್ಕ್ಸ್ ಕೂಡ ಇದ್ದಾರೆ.

1972ರ ಅಕ್ಟೋಬರ್ 25ರಂದು ಮೆಕ್ಸಿಕೋ ನಗರದ ಒಲಿಂಪಿಕ್ ಸೈಕಲ್ ಅಖಾಡದಲ್ಲಿ ಬೆಲ್ಜಿಯಂನ ಮೆರ್ಕ್ಸ್ ಒಂದು ಗಂಟೆಯಲ್ಲಿ 49.431 ಕಿಲೋಮೀಟರ್ ಕ್ರಮಿಸಿ ಹೊಸ ದಾಖಲೆ ಬರೆದರು. ಅಂದಿನ ಸೈಕಲ್ಲನ್ನು ಕಟ್ಟಿದವರು ಇಟಲಿಯ ಎರ್ನೆಸ್ಟೊ ಕೊಲ್ನಾಗೊ. ಅದರ ತೂಕ ಆರು ಕಿಲೋಗೂ ಕಡಿಮೆ. ಕೊಲ್ನಾಗೊ ಅದಕ್ಕಾಗಿ ಪಟ್ಟ ಪಾಡು ಒಡವೆ ಕೆಲಸದವರದ್ದನ್ನು ಹೋಲುತ್ತದೆ. ಹ್ಯಾಂಡಲ್ ಕೊಳವೆಗೆ ರಂಧ್ರಗಳು. ಚೈನಿನ ಒಂದೊಂದು ಕೊಂಡಿಗೂ ರಂಧ್ರ. ಹ್ಯಾಂಡಲ್ಲನ್ನು ಹಿಡಿದು ನಿಲ್ಲಿಸುವ ಸ್ಟೆಮ್ ಟೈಟಾನಿಯಂನದು. ಅಂದು ಇಟಲಿಯಲ್ಲಿ ಅದನ್ನು ಬೆಸೆದುಕೊಡುವವರು ಸಿಗದೆ, ಅಮೆರಿಕದ ಡೆಟ್ರಾಯಿಟ್‌ನಲ್ಲಿ ನೆಲೆಸಿದ್ದ ಇಟಲಿ ಮೂಲದ ಕುಶಲಕರ್ಮಿ ಪಿನೊ ಮೊರೊನಿ ಅವರಿಂದ ಮಾಡಿಸಬೇಕಾಯಿತು. ಚೈನಿನ ಕೊಂಡಿಗೆ ರಂಧ್ರ ಕೊರೆಯುವುದೆಂದರೆ ಏನೆಂಬುದು ಒಮ್ಮೆಯಾದರೂ ಸೈಕಲ್ ಚೈನು ಬಿಚ್ಚಿ ಕೈಗೆ ಕಪ್ಪು ಮೆತ್ತಿಕೊಂಡವರಿಗೆ ಅರ್ಥವಾದೀತು.

ಆದರೆ ಆ ದಾಖಲೆಯ ಅಖಾಡದಲ್ಲಿ ಏರೇ ಇರಲಿಲ್ಲ. ಒಂದು ಗಂಟೆಯ ಕಾಲ ಒಂದೇ ವೇಗದಲ್ಲಿ ಸುತ್ತುವವನಿಗೆ ಹಗುರ ಸೈಕಲ್ಲು ನೆರವಾಗುವುದು ಆರಂಭದ ಕೆಲವು ಕ್ಷಣಗಳಲ್ಲಿ, ನಿಂತಲ್ಲಿಂದ ವೇಗ ಹಿಡಿಯುವಾಗ ಮಾತ್ರ. ಮೆರ್ಕ್ಸ್‌ಗೆ ನಿಜವಾಗಿ ನೆರವಾದದ್ದು ಮೆಕ್ಸಿಕೋ ನಗರದ ಎತ್ತರ. ಎರಡು ಸಾವಿರ ಮೀಟರಿಗೂ ಮಿಗಿಲಾದ ಆ ಎತ್ತರದಲ್ಲಿ ಗಾಳಿ ತೆಳು, ಎದುರುನೂಕು ಕಡಿಮೆ. ಇದಕ್ಕೆ ಪುರಾವೆ ಹನ್ನೊಂದು ವರ್ಷಗಳ ಅನಂತರ ಅದೇ ನಗರದಲ್ಲಿ ಸಿಕ್ಕಿತು. 1984ರ ಜನವರಿಯಲ್ಲಿ ಇಟಲಿಯ ಫ್ರಾಂಚೆಸ್ಕೊ ಮೊಸರ್ ಒಂದು ಗಂಟೆಗೆ 51.151 ಕಿಲೋಮೀಟರ್ ಓಡಿಸಿ ಮೆರ್ಕ್ಸ್‌ರ ದಾಖಲೆಯನ್ನು ದೂರ ಹಿಂದಿಕ್ಕಿದರು. ಮೊಸರ್‌ರ ಚಕ್ರಗಳಿಗೆ ಕಡ್ಡಿಗಳಿರಲಿಲ್ಲ. ಗಾಳಿಯನ್ನು ಸೀಳಿಕೊಂಡು ಹೋಗಲೆಂದು ಅವನ್ನು ಇಡಿಯ ಬಿಲ್ಲೆಗಳಂತೆ ಮುಚ್ಚಲಾಗಿತ್ತು. ಅವು ಮೆರ್ಕ್ಸ್‌ರ ಚಕ್ರಗಳಿಗಿಂತ ಭಾರವಾಗಿದ್ದವು. ಹಗುರದ ದಾಖಲೆಯನ್ನು ಭಾರದ ಚಕ್ರ ಮುರಿಯಿತು.

ಅಷ್ಟರಲ್ಲಿ ರಂಧ್ರ ಕೊರೆಯುವುದು ಒಂದು ಸಂಪ್ರದಾಯವೇ ಆಗಿಬಿಟ್ಟಿತ್ತು. 1970ರ ದಶಕದಲ್ಲಿ ಯುರೋಪಿನ ಸೈಕಲ್ಲುಗಳ ಬ್ರೇಕ್ ಹಿಡಿಗಳು, ಮುಂದಿನ ಹಲ್ಲುಚಕ್ರಗಳು, ಸೀಟಿನ ಕಂಬಗಳು ಜರಡಿಯಂತಾದವು. ಇಂಗ್ಲಿಷಿನಲ್ಲಿ ಇದಕ್ಕೆ ಒಂದು ಲೋಹದ ಹೆಸರಿನಂತೆ ಕೇಳುವ ‘ಡ್ರಿಲಿಯಮ್’ ಎಂಬ ಪದವೂ ಹುಟ್ಟಿತು: ಟೈಟಾನಿಯಂ ಇದ್ದಂತೆ ಡ್ರಿಲಿಯಮ್, ಅಂದರೆ ತೂತುಗಳಿಂದಲೇ ಆದ ಲೋಹ. ಪದ ಹುಟ್ಟಿಸಿದವರಿಗೆ ವಿನೋದಪ್ರಜ್ಞೆ ಇತ್ತೆಂಬುದರಲ್ಲಿ ಸಂದೇಹವಿಲ್ಲ. ಉಳಿದ ತೂಕ ಅತ್ಯಲ್ಪ. ಆದರೂ ಆ ತೂತುಗಳ ಅಂಚನ್ನು ನಯಗೊಳಿಸಿ ಸಾಲಾಗಿ ಕೊರೆದ ಕೈಗೆಲಸವನ್ನು ಇಂದಿಗೂ ಸಂಗ್ರಹಕಾರರು ಅಚ್ಚರಿಯಿಂದ ನೋಡುತ್ತಾರೆ.

ತೂಕ ನಿಜಕ್ಕೂ ಫಲ ನಿರ್ಣಯಿಸುವ ಪಂದ್ಯಗಳೂ ಇವೆ, ಅವನ್ನು ಮರೆಯಬಾರದು. ಇಂಗ್ಲೆಂಡಿನ ಕ್ಯಾಟ್‌ಫರ್ಡ್ ಸೈಕ್ಲಿಂಗ್ ಕ್ಲಬ್ 1887ರಿಂದ ನಡೆಸಿಕೊಂಡು ಬಂದಿರುವ ಗುಡ್ಡ ಹತ್ತುವ ಪಂದ್ಯದಲ್ಲಿ ಕೆಂಟ್ ಪ್ರಾಂತದ ಕಡಿದಾದ ಯಾರ್ಕ್ಸ್ ಹಿಲ್ ಅನ್ನು ವೇಗಿಗಳು ಎರಡು ನಿಮಿಷದೊಳಗೆ ಹತ್ತಿಬಿಡುತ್ತಾರೆ. ಇಂಥ ಪಂದ್ಯಗಳಿಗೆ ಬರುವವರು ಹ್ಯಾಂಡಲ್ಲಿನ ಕೆಳಬಾಗನ್ನು ಗರಗಸದಿಂದ ಕತ್ತರಿಸುತ್ತಾರೆ, ಸುತ್ತಿದ ಪಟ್ಟಿ ಬಿಚ್ಚುತ್ತಾರೆ, ಬಾಟಲಿಯ ಹಿಡಿಕೆ ತೆಗೆಯುತ್ತಾರೆ. ಅಲ್ಲಿ ಗೆಲುವಿಗೂ ಸೋಲಿಗೂ ಒಂದು ಸೆಕೆಂಡಿನ ಅಂತರವಿದ್ದರೆ ಅರ್ಧ ಕಿಲೋ ಎಂಬುದು ಸಣ್ಣ ಮಾತಲ್ಲ. ಅವರು ಆಂಕೆತಿಲ್‌ರಂತೆ ಬಾಟಲಿಯನ್ನು ಜೇಬಿಗೆ ಹಾಕಿಕೊಳ್ಳುವುದಿಲ್ಲ. ಮನೆಯಲ್ಲೇ ಬಿಟ್ಟು ಬರುತ್ತಾರೆ.

ಪಂದ್ಯವೂ ಇಲ್ಲದೆ, ದಾಖಲೆಯೂ ಇಲ್ಲದೆ ಗ್ರಾಂ ಎಣಿಸುವವರ ಸ್ಥಿತಿ ಬೇರೆ. ಬೆಂಗಳೂರಿನಲ್ಲಿ ಅಂಥ ಹವ್ಯಾಸಿಯೊಬ್ಬರಿದ್ದಾರೆ. ವಯಸ್ಸು ಐವತ್ತೆರಡು, ಬ್ಯಾಂಕಿನ ಕೆಲಸದಿಂದ ಅವಧಿಗೆ ಮೊದಲೇ ಬಿಡುಗಡೆ ಪಡೆದವರು. ಅವರ ಊಟದ ಮೇಜಿನ ಮೇಲೆ ಚಿನ್ನ ತೂಗುವಂಥ ಪುಟ್ಟ ವಿದ್ಯುನ್ಮಾನ ತಕ್ಕಡಿ ಇರುತ್ತದೆ. ಪಕ್ಕದಲ್ಲಿ ಉದ್ದನೆಯ ಲೆಕ್ಕದ ಪುಸ್ತಕ. ಪುಸ್ತಕದಲ್ಲಿ ನಾಲ್ಕು ಅಂಕಣ: ಭಾಗದ ಹೆಸರು, ಹಳೆಯ ತೂಕ, ಹೊಸ ತೂಕ, ಬೆಲೆ. ನಾಲ್ಕನೆಯ ಅಂಕಣ ಎರಡನೆಯ ಪುಟದಿಂದಾಚೆಗೆ ಖಾಲಿ. “ರೀ, ಆ ತಕ್ಕಡಿ ಮೇಲೆ ನೀವೂ ಒಂದ್ಸಲ ನಿಂತ್ಕೊಳ್ಳಿ” ಎಂದು ಮನೆಯಾಕೆ ಹೇಳಿದಾಗ, ಅದರ ಸಾಮರ್ಥ್ಯ ಇನ್ನೂರೇ ಗ್ರಾಂ ಎಂದು ಅವರು ಗಂಭೀರವಾಗಿ ಉತ್ತರಿಸಿದರಂತೆ. ಗುಲಗಂಜಿಗೆ ತನ್ನ ಕಪ್ಪು ಕಾಣದು ಎಂಬ ಮಾತು ಇಲ್ಲಿ ಎರಡು ಬಗೆಯಲ್ಲಿ ಹೊಂದುತ್ತದೆ. ಚಿನಿವಾರರು ಹಿಂದೆ ಚಿನ್ನ ತೂಗುತ್ತಿದ್ದುದು ಆ ಬೀಜದಿಂದಲೇ.

ಅವರು ಬಹುಕಾಲ ಕಳೆದದ್ದು ಬೋಲ್ಟುಗಳ ಮೇಲೆ. ಇದರ ಹಿಂದಿನ ಲೋಹಶಾಸ್ತ್ರ ಸರಳ. ಒಂದು ಘನ ಸೆಂಟಿಮೀಟರ್ ಉಕ್ಕು ಸುಮಾರು 7.8 ಗ್ರಾಂ ತೂಗುತ್ತದೆ, ಟೈಟಾನಿಯಂ ಮಿಶ್ರಲೋಹ ಸುಮಾರು 4.4, ಅಲ್ಯೂಮಿನಿಯಂ ಸುಮಾರು 2.8. ಹಾಗಾಗಿ ಅದೇ ಅಳತೆಯ ಬೋಲ್ಟನ್ನು ಟೈಟಾನಿಯಂನಲ್ಲಿ ಮಾಡಿದರೆ ತೂಕ ಅರ್ಧಕ್ಕಿಂತ ತುಸು ಹೆಚ್ಚು, ಅಲ್ಯೂಮಿನಿಯಂನಲ್ಲಿ ಮೂರರಲ್ಲೊಂದು. ಐದು ಮಿಲಿಮೀಟರ್ ದಪ್ಪದ ಸಣ್ಣ ಬೋಲ್ಟೊಂದರಲ್ಲಿ ಉಳಿಯುವುದು ಒಂದೂವರೆ ಗ್ರಾಂ, ಅಂದರೆ ಹನ್ನೆರಡು ಗುಲಗಂಜಿಯಷ್ಟು. ಅವರ ಸೈಕಲ್ಲಿನಲ್ಲಿ ಬದಲಿಸಬಹುದಾದ ಇಪ್ಪತ್ತೇಳು ಬೋಲ್ಟುಗಳಿದ್ದವು. ಒಟ್ಟು ಉಳಿತಾಯ 41 ಗ್ರಾಂ, ಮೂರೂವರೆ ತೊಲ. ನಂದಿಬೆಟ್ಟದಲ್ಲಿ ಅದರ ಬೆಲೆ ಒಂದು ಸೆಕೆಂಡೂ ಅಲ್ಲ. ಎರಡು ಚಕ್ರಗಳ ಒಳಟ್ಯೂಬುಗಳನ್ನು ಬ್ಯೂಟೈಲ್ ರಬ್ಬರಿನಿಂದ ತೆಳ್ಳನೆಯ ಪ್ಲಾಸ್ಟಿಕ್ ಬಗೆಗೆ ಬದಲಾಯಿಸಿದಾಗ ಹತ್ತು ನಿಮಿಷದಲ್ಲಿ 130 ಗ್ರಾಂ ಇಳಿದಿತ್ತು. ಆದರೂ ಪುಸ್ತಕದಲ್ಲಿ ಟ್ಯೂಬಿಗೆ ಸಿಕ್ಕಿರುವುದು ಒಂದು ಸಾಲು, ಬೋಲ್ಟುಗಳಿಗೆ ಆರು ಪುಟ.

ಆ ಆರು ಪುಟಗಳನ್ನು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಇದು ಉಳಿತಾಯದ ಲೆಕ್ಕವೆನ್ನುವುದಕ್ಕಿಂತ, ಹಳಗನ್ನಡ ಪದ್ಯಕ್ಕೆ ಬರೆದ ಪ್ರತಿಪದಾರ್ಥವನ್ನು ಹೋಲುತ್ತದೆ. ಹತ್ತು ವರ್ಷ ಸೈಕಲ್ ತುಳಿದರೂ ಯಾವ ಬೋಲ್ಟು ಏನನ್ನು ಹಿಡಿದು ನಿಂತಿದೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಒಂದೊಂದನ್ನೇ ಬಿಚ್ಚಿ, ತೂಗಿ, ಉದ್ದ ಅಳೆದು, ಅದರ ಕೆಲಸವನ್ನು ಬರೆದಿಡುತ್ತ ಹೋದಾಗ ಯಂತ್ರವು ಪದ ಪದವಾಗಿ ಅವರಿಗೆ ಒಡೆದು ಕಂಡಿತು. ‘ಬಾಟಲಿ ಹಿಡಿಕೆ, ನಾಲ್ಕು: ಬಾಟಲಿಯ ಭಾರ ಬಿಟ್ಟರೆ ಬೇರೇನೂ ಇಲ್ಲ.’ ‘ಸೀಟಿನ ಕೆಳಗೆ, ಎರಡು: ಕುಳಿತವನ ಪೂರ್ತಿ ಭಾರ, ಪ್ರತಿ ಗುಂಡಿಯಲ್ಲೂ ಪೆಟ್ಟು.’ ‘ಹ್ಯಾಂಡಲ್ ಮುಂಭಾಗ, ನಾಲ್ಕು’ ಎಂಬ ಸಾಲಿನ ಮುಂದೆ ಮಾತ್ರ ಒಂದು ಪ್ರಶ್ನಾರ್ಥಕ ಚಿಹ್ನೆ ಇದೆ.

ಆ ಚಿಹ್ನೆಗೊಂದು ಹಿನ್ನೆಲೆಯಿದೆ. ಅವರು ತರಿಸಿದ್ದ ಅಲ್ಯೂಮಿನಿಯಂ ಬೋಲ್ಟುಗಳು ಬಣ್ಣ ಹಾಕಿದವು, ಕೆಂಪಗೆ ಮಿನುಗುತ್ತಿದ್ದವು, ಕೈಯಲ್ಲಿ ಇದ್ದಂತೆಯೇ ಅನಿಸುತ್ತಿರಲಿಲ್ಲ. ಅವನ್ನು ಎಲ್ಲ ಕಡೆಗೂ ಹಾಕಿಬಿಡಬೇಕೆಂದು ಬಡಾವಣೆಯ ಸೈಕಲ್ ರಿಪೇರಿಯವರ ಬಳಿ ಒಯ್ದರು. ಆ ಹಿರಿಯರು ಒಂದನ್ನು ಬೆರಳುಗಳ ನಡುವೆ ಉರುಳಿಸಿ ನೋಡಿ ಹೇಳಿದರು: “ಇದನ್ನ ಬಾಟಲಿ ಕೇಜಿಗೆ ಹಾಕ್ಕೊಡ್ತೀನಿ ಸಾರ್. ಹ್ಯಾಂಡಲ್‌ಗೆ ಹಾಕಲ್ಲ. ಬಾಟಲಿ ಬಿದ್ರೆ ನೀವು ಎತ್ಕೋತೀರಿ. ಹ್ಯಾಂಡಲ್ ಕಳಚಿದ್ರೆ ನಿಮ್ಮನ್ನ ಯಾರು ಎತ್ತೋದು?”

ಇವರು ಸುಮ್ಮನಾಗಲಿಲ್ಲ. ತಯಾರಕರೇ ಬಲದ ಅಂಕಿ ಕೊಟ್ಟಿದ್ದಾರಲ್ಲ ಎಂದರು. ಅದಕ್ಕೆ ಹಿರಿಯರು ಮಾತಿನ ಬದಲು ಒಂದು ಪ್ರಯೋಗ ತೋರಿಸಿದರು. ಕೆಂಪು ಬೋಲ್ಟೊಂದನ್ನು ವೈಸಿಗೆ ಕಚ್ಚಿಸಿ ಆಲನ್ ಕೀಯಿಂದ ಬಿಗಿಯುತ್ತ ಹೋದರು. ತಲೆ ಪಟ್ಟನೆ ಹಾರಿಹೋಯಿತು. ಹಳೆಯ ಉಕ್ಕಿನ ಬೋಲ್ಟಿಗೆ ಅದನ್ನೇ ಮಾಡಿದಾಗ ಅದು ಮೊದಲು ನರಳಿತು, ಜಗ್ಗಿತು, ಎಳೆಗಳು ನೀಳವಾದವು. ಮುರಿಯುವ ಮೊದಲು ಕೈಗೆ ಸಾಕಷ್ಟು ಸುದ್ದಿ ಕೊಟ್ಟಿತು. “ಉಕ್ಕು ಹೇಳಿ ಹೋಗುತ್ತೆ ಸಾರ್” ಎಂದರಷ್ಟೆ. ಲೋಹದ ದಣಿವಿನ ಬಗ್ಗೆ ಪಠ್ಯಪುಸ್ತಕ ಹೇಳುವುದೂ ಇದೇ ದಿಕ್ಕಿನ ಮಾತು: ಉಕ್ಕಿಗೆ ಒಂದು ಮಿತಿಯಿದೆ, ಅದರೊಳಗಿನ ಒತ್ತಡವನ್ನು ಅದು ಲಕ್ಷಗಟ್ಟಲೆ ಸಲ ತಾಳಬಲ್ಲದು, ಅಲ್ಯೂಮಿನಿಯಂಗೆ ಅಂಥ ಖಚಿತ ಮಿತಿಯಿಲ್ಲ, ಸಣ್ಣ ಒತ್ತಡಗಳೂ ಸೇರಿ ಸೇರಿ ಒಂದು ದಿನ ಬಿರುಕಾಗುತ್ತವೆ.

ಕೊನೆಗೆ ಒಪ್ಪಂದವಾದದ್ದು ಹೀಗೆ. ಬಾಟಲಿ ಹಿಡಿಕೆಗೆ ಕೆಂಪು ಅಲ್ಯೂಮಿನಿಯಂ. ಹ್ಯಾಂಡಲ್ಲಿಗೂ ಬ್ರೇಕಿಗೂ ಒಳ್ಳೆಯ ದರ್ಜೆಯ ಟೈಟಾನಿಯಂ. ಅದೂ ಎಳೆಯನ್ನು ಕೆತ್ತಿ ತೆಗೆದದ್ದಲ್ಲ, ಒತ್ತಿ ಉರುಳಿಸಿ ಮೂಡಿಸಿದ್ದು, ಏಕೆಂದರೆ ಕೆತ್ತಿದ ಎಳೆಯ ಬುಡದಲ್ಲಿ ಬಿರುಕು ಬೇಗ ಹುಟ್ಟುತ್ತದೆ. ಟೈಟಾನಿಯಂ ಎಳೆಗಳು ಒಣಗಿದ್ದರೆ ತಾವು ಹೊಕ್ಕ ಲೋಹಕ್ಕೆ ಕಚ್ಚಿಕೊಂಡು ಬಿಡಿಸಲಾರದಂತಾಗುತ್ತವೆ, ಹಾಗಾಗಿ ಗ್ರೀಸು ಬಳಿದೇ ಹಾಕಬೇಕು. ಟಾರ್ಕ್ ವ್ರೆಂಚಿನಲ್ಲಿ ಐದು ನ್ಯೂಟನ್ ಮೀಟರ್ ತೋರಿಸಿದಾಗ ನಿಲ್ಲಿಸಬೇಕು. ಸೀಟಿನ ಕೆಳಗಿನ ಎರಡು ಮಾತ್ರ ಉಕ್ಕಿನವೇ ಉಳಿದವು. ಇಪ್ಪತ್ತೊಂಬತ್ತರಲ್ಲಿ ಇಪ್ಪತ್ತೇಳು ಎಂಬ ಲೆಕ್ಕ ಬಂದದ್ದು ಹಾಗೆ. ಆರು ತಿಂಗಳಲ್ಲಿ ಸೈಕಲ್ಲು 8,640 ಗ್ರಾಮಿನಿಂದ 7,910 ಗ್ರಾಮಿಗೆ ಇಳಿಯಿತು. ಸವಾರರ ತೂಕಕ್ಕೆ ಪುಸ್ತಕದಲ್ಲಿ ಅಂಕಣವಿಲ್ಲ.

ರಿಪೇರಿಯ ಹಿರಿಯರು ಅಮೆರಿಕದ ಸವಾರ ಜಾರ್ಜ್ ಹಿಂಕಾಪಿ ಅವರ ಹೆಸರು ಕೇಳಿರಲಾರರು. ಕೇಳಿದ್ದರೆ ಪ್ರಯೋಗದ ಅಗತ್ಯ ಬೀಳುತ್ತಿರಲಿಲ್ಲ. 2006ರ ಪ್ಯಾರಿಸ್–ರೂಬೇ ಪಂದ್ಯ ಉತ್ತರ ಫ್ರಾನ್ಸಿನ ಹಳೆಯ ಕಲ್ಲುಹಾಸಿನ ದಾರಿಗಳ ಮೇಲೆ ಎಂದಿನಂತೆ ನಡೆಯುತ್ತಿತ್ತು. ಮೊದಲೊಮ್ಮೆ ಬಿದ್ದೆದ್ದು ಮತ್ತೆ ಮುಂಚೂಣಿಗೆ ಸೇರಿದ್ದ ಹಿಂಕಾಪಿಯವರ ಸೈಕಲ್ಲಿನಲ್ಲಿ, ಹ್ಯಾಂಡಲ್ಲನ್ನೂ ಮುಂದಿನ ಫೋರ್ಕನ್ನೂ ಜೋಡಿಸುವ ಅಲ್ಯೂಮಿನಿಯಂ ಕೊಳವೆ ತುಂಡಾಯಿತು. ಕೆಲವು ಕ್ಷಣ ಅವರು ಯಾವುದಕ್ಕೂ ಅಂಟಿಕೊಂಡಿರದ ಹ್ಯಾಂಡಲ್ಲನ್ನು ಕೈಯಲ್ಲಿ ಹಿಡಿದು ಸಾಗಿದರು; ಅನಂತರ ಪಕ್ಕದ ಹಳ್ಳಕ್ಕೆ ಬಿದ್ದರು. ಗೆಲ್ಲಬಹುದಾಗಿದ್ದ ಪಂದ್ಯ ಭುಜದ ಗಾಯದಲ್ಲಿ ಮುಗಿಯಿತು. ಉಕ್ಕೂ ಮುರಿಯದ್ದೇನಲ್ಲ. 1913ರ ಟೂರ್‌ನಲ್ಲಿ ಯೂಜೀನ್ ಕ್ರಿಸ್ತೋಫ್ ಅವರ ಫೋರ್ಕು ಟೂರ್‌ಮಲೆ ಕಣಿವೆಯ ಇಳಿಜಾರಿನಲ್ಲಿ ಮುರಿದು, ಅವರು ಸೈಕಲ್ಲನ್ನು ಹೊತ್ತು ಮೈಲಿಗಟ್ಟಲೆ ನಡೆದು, ಕುಲುಮೆಯೊಂದರಲ್ಲಿ ತಾವೇ ಬೆಸೆದುಕೊಂಡರು. ತಿದಿ ಒತ್ತಲು ಹುಡುಗನೊಬ್ಬನ ನೆರವು ಪಡೆದದ್ದಕ್ಕೆ ಅವರಿಗೆ ದಂಡವನ್ನೂ ಹಾಕಲಾಯಿತು. ಉಕ್ಕನ್ನಾದರೆ ಹಳ್ಳಿಯ ಕುಲುಮೆಯಲ್ಲಿ ಸರಿಪಡಿಸಬಹುದಿತ್ತು.

ಇಂಥ ಆತಂಕಗಳೂ ಸೇರಿಯೇ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ಪಂದ್ಯದ ಸೈಕಲ್ಲಿಗೆ ಕನಿಷ್ಠ ತೂಕವನ್ನು ವಿಧಿಸಿತು. 1996ರ ಲುಗಾನೊ ಸನ್ನದು ಯಂತ್ರಕ್ಕಿಂತ ಮನುಷ್ಯನೇ ಮುಖ್ಯನಾಗಬೇಕೆಂಬ ನಿಲುವನ್ನು ಘೋಷಿಸಿತ್ತು. ಅದರ ಬೆನ್ನಿಗೆ 2000ದ ಜನವರಿ 1ರಿಂದ ಜಾರಿಯಾದ ನಿಯಮದಂತೆ ಸೈಕಲ್ಲು 6.8 ಕಿಲೋಗಿಂತ ಕಡಿಮೆ ತೂಗಕೂಡದು. ಕಾರ್ಬನ್ ನಾರಿನ ಚೌಕಟ್ಟುಗಳು ಬೇಗನೆ ಆ ಗೆರೆಯ ಕೆಳಗೆ ಇಳಿದವು. ಆಮೇಲೆ ವೃತ್ತಿಪರ ತಂಡಗಳ ಮೆಕ್ಯಾನಿಕ್‌ಗಳಿಗೆ ಹೊಸ ಕೆಲಸ ಬಂತು: ಹಗುರ ಸೈಕಲ್ಲಿನ ಕೊಳವೆಯೊಳಗೆ ಸೀಸದ ತುಂಡನ್ನೋ ಲೋಹದ ಬಿಲ್ಲೆಯನ್ನೋ ಸೇರಿಸಿ ತೂಕ ಏರಿಸುವುದು. ಅಪ್ಪಂದಿರ ಕಾಲದವರು ಚೈನಿಗೆ ರಂಧ್ರ ಕೊರೆದಿದ್ದರು. ಮಕ್ಕಳು ಕೊಳವೆಗೆ ಸೀಸ ತುಂಬಿದರು. ಸೀಸದ ಕಥೆ ಹೊಸದೂ ಅಲ್ಲ. 1947ರ ಟೂರ್ ಗೆದ್ದಿದ್ದ ಜ಼ಾಂ ರೊಬಿಕ್ ಕೃಶದೇಹಿ, ಏರಿನಲ್ಲಿ ಚುರುಕು, ಇಳಿಜಾರಿನಲ್ಲಿ ಹಿಂದೆ. 1953ರಲ್ಲಿ ಅವರು ಬೆಟ್ಟದ ನೆತ್ತಿಯಲ್ಲಿ ಸೀಸ ತುಂಬಿದ ಬಾಟಲಿ ಪಡೆದು, ಅದರ ಭಾರದಿಂದ ಇಳಿಜಾರಿನಲ್ಲಿ ವೇಗ ಗಳಿಸಲು ನೋಡಿದರೆಂದು ಹೇಳುತ್ತಾರೆ. ಒಬ್ಬರು ಏರಲು ಬಾಟಲಿ ಕಿತ್ತರು, ಇನ್ನೊಬ್ಬರು ಇಳಿಯಲು ಬಾಟಲಿ ತುಂಬಿಸಿಕೊಂಡರು. ರೊಬಿಕ್‌ರ ಲೆಕ್ಕವೇ ಭೌತಶಾಸ್ತ್ರಕ್ಕೆ ಹತ್ತಿರ ಎಂಬುದು ವಿನೋದ.

ಅದೇ 2000ದಲ್ಲಿ ಒಕ್ಕೂಟ ಇನ್ನೊಂದು ನಿರ್ಧಾರವನ್ನೂ ಕೈಗೊಂಡಿತು. ಒಂದು ಗಂಟೆಯ ದಾಖಲೆಯು ವಿಚಿತ್ರ ಭಂಗಿಗಳ, ವಿಚಿತ್ರ ಯಂತ್ರಗಳ ಪೈಪೋಟಿಯಾಗಿದೆ ಎಂದು ಮನಗಂಡು, ಮೊಸರ್‌ರಿಂದ ಮೊದಲ್ಗೊಂಡು ನಡೆದ ಸಾಧನೆಗಳನ್ನೆಲ್ಲ ಬೇರೊಂದು ಪಟ್ಟಿಗೆ ಸರಿಸಿತು. ಮೆರ್ಕ್ಸ್‌ರ 1972ರ ಅಂಕಿಯೇ ಮತ್ತೆ ಮೂಲವಾಯಿತು. ಇನ್ನು ಮುಂದೆ ಪ್ರಯತ್ನಿಸುವವರು ಮೆರ್ಕ್ಸ್‌ರ ಕಾಲದಂಥ ಸೈಕಲ್ಲನ್ನೇ ಬಳಸಬೇಕೆಂದಾಯಿತು: ಗುಂಡಗಿನ ಕೊಳವೆ, ಬಾಗಿದ ಹ್ಯಾಂಡಲ್ಲು, ಕಡ್ಡಿಗಳ ಚಕ್ರ. ಅಕ್ಟೋಬರ್ 27ರಂದು ಮ್ಯಾಂಚೆಸ್ಟರಿನಲ್ಲಿ ಕ್ರಿಸ್ ಬೋರ್ಡ್‌ಮನ್ ಅಂಥ ಸೈಕಲ್ಲಿನಲ್ಲಿ 49.441 ಕಿಲೋಮೀಟರ್ ಓಡಿಸಿದರು. ಇಪ್ಪತ್ತೆಂಟು ವರ್ಷಗಳ ಅನಂತರ, ಹತ್ತು ಮೀಟರ್ ಹೆಚ್ಚು.

ಇಲ್ಲಿ ಆಕರಗಳನ್ನು ಒಟ್ಟಿಗಿಟ್ಟು ಓದುವವರ ಕಣ್ಣಿಗೆ ಬೀಳುವ ಒಂದು ತೊಡಕಿದೆ. ಕೊಲ್ನಾಗೊ ಕಟ್ಟಿದ ಸೈಕಲ್ಲು ತನ್ನ ಕಾಲಕ್ಕೆ ಸಾಮಾನ್ಯ ಸೈಕಲ್ಲಾಗಿರಲಿಲ್ಲ. ಹಣ, ಲೋಹ, ಕೌಶಲ ಮೂರೂ ಕೂಡಿ ಸಾಧಿಸಬಹುದಾದ ಕಡೆಯ ಅಂಚಾಗಿತ್ತು. ಅದನ್ನೇ ಒಕ್ಕೂಟ ಸರಳತೆಯ ಮಾದರಿಯೆಂದು ಎತ್ತಿಹಿಡಿಯಿತು. ಅದೇ ಒಕ್ಕೂಟದ ಅದೇ ವರ್ಷದ 6.8 ಕಿಲೋ ನಿಯಮದ ತಕ್ಕಡಿಗೆ ಅದನ್ನು ಏರಿಸಿದ್ದರೆ ಅದು ಅನರ್ಹವಾಗುತ್ತಿತ್ತು. ಮೆರ್ಕ್ಸ್‌ರಂತೆ ಓಡಿಸಬೇಕೆಂಬ ವಿಧಿ ಇದ್ದಾಗಲೂ ಮೆರ್ಕ್ಸ್ ಓಡಿಸಿದ ಸೈಕಲ್ಲಿಗೆ ಅಖಾಡದ ಬಾಗಿಲು ಮುಚ್ಚಿತ್ತು. ನಿಯಮ ಬರೆದವರು ನೋಡುತ್ತಿದ್ದುದು ನೆನಪಿನ ಸೈಕಲ್ಲನ್ನೇ ಹೊರತು ಕೊಲ್ನಾಗೊ ಕಟ್ಟಿದ್ದನ್ನಲ್ಲ. ಕ್ರಾಬೆ ಛಾಯಾಚಿತ್ರವನ್ನು ತಳ್ಳಿಹಾಕಿದ್ದು ಬೇಕೆಂದೇ, ನಗುತ್ತ. ಒಕ್ಕೂಟ ಅದನ್ನೇ ಮಾಡಿದ್ದು ಅಧಿಕೃತ ಮುದ್ರೆಯೊತ್ತಿ. 2014ರಲ್ಲಿ ನಿಯಮ ಮತ್ತೆ ಬದಲಾಗಿ ಆಧುನಿಕ ಸೈಕಲ್ಲುಗಳಿಗೆ ಅವಕಾಶ ಸಿಕ್ಕ ಮೇಲೆ ಆ ವಿರೋಧಾಭಾಸ ತಾನಾಗಿ ಮರೆಗೆ ಸರಿಯಿತು. ಅದನ್ನು ಬಿಡಿಸಿದವರು ಯಾರೂ ಇಲ್ಲ.

ಬ್ರಸೆಲ್ಸ್ ನಗರದ ಮೆಟ್ರೊದಲ್ಲಿ ಮೆರ್ಕ್ಸ್‌ರ ಹೆಸರಿನ ನಿಲ್ದಾಣವೊಂದು 2003ರಲ್ಲಿ ಆರಂಭವಾಯಿತು. ಮೆಕ್ಸಿಕೋದ ಆ ಸೈಕಲ್ಲನ್ನು ಅಲ್ಲಿ ಗಾಜಿನ ಹಿಂದೆ ಇರಿಸಿದ್ದಾರೆ. ಬೆಳಗಿನ ಹೊತ್ತು ಕೆಲಸಕ್ಕೆ ಹೊರಟವರು ಅದರ ಮುಂದೆ ರೈಲು ಕಾಯುತ್ತಾರೆ. ಬಾಟಲಿಯ ಹಿಡಿಕೆ ಅದಕ್ಕೆ ಇಲ್ಲ.